ಅಂತರಿಕ್ಷದ ಕಾವಲಿಗೆ ಸುಬೇದಾರರು ಬೇಡವೇ?

ಕೇಂದ್ರ ಸಂಪುಟದ ಭದ್ರತಾ ಸಮಿತಿಯು 2024ರ ಅಕ್ಟೋಬರ್‌ನಲ್ಲಿ 52 ಕಣ್ಗಾವಲು ಉಪಗ್ರಹಗಳ ಯೋಜನೆಗೆ ಒಪ್ಪಿಗೆ ನೀಡಿತು. ಸುಮಾರು 27 ಸಾವಿರ ಕೋಟಿ ರೂಪಾಯಿಯ ಈ ಯೋಜನೆಯಲ್ಲಿ 21 ಉಪಗ್ರಹಗಳನ್ನು ಇಸ್ರೊ, ಉಳಿದ 31ನ್ನು ಖಾಸಗಿ ಕಂಪನಿಗಳು ನಿರ್ಮಿಸಬೇಕೆಂಬ ಹಂಚಿಕೆಯೂ ಆಯಿತು. ಮರುವರ್ಷ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ ನಡೆದ ಸಂದರ್ಭದಲ್ಲಿ ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಅವರು, ದೇಶದ ಭದ್ರತೆಗಾಗಿ ಕನಿಷ್ಠ ಹತ್ತು ಉಪಗ್ರಹಗಳು ಹಗಲಿರುಳು ದುಡಿಯುತ್ತಿವೆ ಎಂದು ಹೇಳಿದರು. ಉಪಗ್ರಹಗಳ ಸಂಖ್ಯೆ, ವೆಚ್ಚ, ಚೀನಾದೊಂದಿಗಿನ ಹೋಲಿಕೆ ಇವೆಲ್ಲ ದೂರದರ್ಶನದ ಚರ್ಚೆಗಳಲ್ಲಿ ಬಂದುಹೋದವು. ಆ ಉಪಗ್ರಹಗಳು ಕಳುಹಿಸುವ ಸಂಕೇತಗಳ ಮುಂದೆ ರಾತ್ರಿ ಪಾಳಿಯಲ್ಲಿ ಕೂರುವ ಸಮವಸ್ತ್ರಧಾರಿ ಯಾರು, ಆತ ಎಷ್ಟು ವರ್ಷ ಆ ಕುರ್ಚಿಯಲ್ಲಿ ಇರುತ್ತಾನೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತೆ ಕಾಣಲಿಲ್ಲ.

ಈ ಪ್ರಶ್ನೆಯನ್ನು ದಾವಣಗೆರೆಯಲ್ಲಿ ಕುಳಿತು ಕೇಳುವುದಕ್ಕೆ ನನಗೆ ಕಾರಣಗಳಿವೆ. ನಮ್ಮ ಜಿಲ್ಲೆ 1997ರವರೆಗೆ ಚಿತ್ರದುರ್ಗದ ಭಾಗವಾಗಿತ್ತು. ಅದೇ ಚಿತ್ರದುರ್ಗದ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಭೂಮಿ ಡಿಆರ್‌ಡಿಒ, ಇಸ್ರೊ ಮೊದಲಾದ ಸಂಸ್ಥೆಗಳ ಪಾಲಾಯಿತು. ಕುರಿ, ದನ ಮೇಯಿಸುತ್ತಿದ್ದವರ ಪ್ರತಿಭಟನೆಯೂ ನಡೆಯಿತು, ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. ಅಲ್ಲಿನ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಮರುಬಳಕೆಯ ಉಡಾವಣಾ ವಾಹನದ ಇಳಿಕೆಯನ್ನು ಇಸ್ರೊ 2023 ಮತ್ತು 2024ರಲ್ಲಿ ಒಟ್ಟು ಮೂರು ಬಾರಿ ಪರೀಕ್ಷಿಸಿದ್ದು ಅಲ್ಲಿಯೇ. ನಾಲ್ಕೂವರೆ ಕಿಲೊಮೀಟರ್ ಎತ್ತರಕ್ಕೆ ಅದನ್ನು ಹೊತ್ತೊಯ್ದು ಬಿಟ್ಟದ್ದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್. ನೆಲ ಕೊಟ್ಟ ಸೀಮೆಯ ಮಕ್ಕಳಿಗೆ ಈ ಹೊಸ ವಿದ್ಯೆಯಲ್ಲಿ ಎಂಥ ಪಾಲು ಸಿಗುತ್ತದೆ ಎಂದು ಕೇಳುವುದು ಅತಿಯಾಸೆಯಲ್ಲ.

ಮೊದಲಿಗೆ ಒಂದು ಪದದ ವಿಚಾರ. ಹಿಂದಿಯಲ್ಲಿ ‘ಜವಾನ್’ ಎಂದರೆ ಸೈನಿಕ. ಕನ್ನಡದ ಕಚೇರಿಗಳಲ್ಲಿ ‘ಜವಾನ’ ಎಂದರೆ ಕಡತ ಹೊರುವ, ಚಹಾ ತರುವ ನೌಕರ. ಇದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಅಧಿಕಾರಿಯಲ್ಲದ ಸೈನಿಕನನ್ನು ನಮ್ಮ ಮಧ್ಯಮ ವರ್ಗ ಕಾಣುವ ಬಗೆಗೆ ಇದು ಬಹಳ ದೂರವಾದದ್ದೇನಲ್ಲ. ಗಡಿಯಲ್ಲಿ ಮಡಿದಾಗ ಆತ ‘ವೀರಯೋಧ’. ಬದುಕಿರುವಾಗ ಆತನ ಹುದ್ದೆಯ ಹೆಸರೂ ನಮಗೆ ಸರಿಯಾಗಿ ತಿಳಿಯದು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರನ್ನು ಶಾಲಾ ಮಕ್ಕಳೂ ಬಲ್ಲರು, ಬಲ್ಲದ್ದು ನ್ಯಾಯವೇ. ವಾಯುಪಡೆಯಲ್ಲಿ ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬ ಇನ್ನೊಂದು ಏಣಿ ಇದೆ, ಭೂಸೇನೆಯ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್‌ಗಳ ಸಾಲಿಗೆ ಸಮನಾದದ್ದು, ಅದನ್ನು ಹತ್ತಲು ಇಪ್ಪತ್ತೈದು ಮೂವತ್ತು ವರ್ಷ ಬೇಕು ಎಂಬುದು ಎಷ್ಟು ಜನರಿಗೆ ಗೊತ್ತು?

ಅಮೆರಿಕ ಈ ವಿಷಯದಲ್ಲಿ ಮಾಡಿದ್ದು ಗಮನಾರ್ಹ. 2019ರ ಡಿಸೆಂಬರ್ 20ರಂದು ಅದು ಬಾಹ್ಯಾಕಾಶ ಪಡೆಯನ್ನು ಪ್ರತ್ಯೇಕ ಸೇನಾ ಶಾಖೆಯಾಗಿ ಸ್ಥಾಪಿಸಿತು. ಮುಖ್ಯಸ್ಥರಾದ ಜನರಲ್ ಜಾನ್ ರೇಮಂಡ್ ಮೊದಲ ಸದಸ್ಯ. ಎರಡನೆಯ ಸದಸ್ಯನಾಗಿ ಬಂದದ್ದು ಇನ್ನೊಬ್ಬ ಜನರಲ್ ಅಲ್ಲ. 2020ರ ಏಪ್ರಿಲ್ 3ರಂದು ಪ್ರಮಾಣ ಸ್ವೀಕರಿಸಿದ ರಾಜರ್ ಟೌಬರ್‌ಮನ್ ಎಂಬ ಚೀಫ್ ಮಾಸ್ಟರ್ ಸಾರ್ಜೆಂಟ್. 1990ರಲ್ಲಿ ವಾಯುಪಡೆಗೆ ಕೆಳದರ್ಜೆಯಲ್ಲಿ ಸೇರಿ, ಶತ್ರುದೇಶದ ಸಂಭಾಷಣೆಯನ್ನು ಆಲಿಸುವ ಭಾಷಾತಜ್ಞನಾಗಿ ದುಡಿದು, ಮೂರು ದಶಕಗಳ ನಂತರ ಈ ಸ್ಥಾನಕ್ಕೆ ಬಂದವರು. ಪಡೆಯಲ್ಲಿ ಇನ್ನೂ ಮೂರನೆಯ ಮನುಷ್ಯನಿಲ್ಲದಿರುವಾಗಲೇ ‘ಅಧಿಕಾರಿಯಲ್ಲದವರ ಪ್ರತಿನಿಧಿ’ ನೇಮಕಗೊಂಡಿದ್ದ! 2023ರ ಸೆಪ್ಟೆಂಬರ್‌ನಲ್ಲಿ ಅವರ ಜಾಗಕ್ಕೆ ಜಾನ್ ಬೆಂಟಿವೆನ್ಯ ಬಂದರು. ಈ ಹುದ್ದೆಯವರು ಯಾರಿಗೂ ಯುದ್ಧದ ಆದೇಶ ಕೊಡುವುದಿಲ್ಲ. ತರಬೇತಿ, ಬಡ್ತಿ, ವಸತಿ, ಪಾಳಿಗಳ ಒತ್ತಡ, ಯಾವ ಕೆಲಸಕ್ಕೆ ಎಂಥವರು ಬೇಕು ಎಂಬ ವಿಷಯಗಳಲ್ಲಿ ಮುಖ್ಯಸ್ಥನ ಕಿವಿಗೆ ನೇರವಾಗಿ ಮಾತು ಮುಟ್ಟಿಸುವುದೇ ಅವರ ಕೆಲಸ. ಅಮೆರಿಕ ಮಾಡಿದ್ದೆಲ್ಲ ಅನುಕರಣೀಯ ಎಂಬ ಭ್ರಮೆ ನನಗಿಲ್ಲ. ಅಲ್ಲಿನ ಬಾಹ್ಯಾಕಾಶ ಪಡೆಯ ಸ್ಥಾಪನೆಯಲ್ಲಿ ರಾಜಕೀಯದ ಅಬ್ಬರವೂ ಸಾಕಷ್ಟಿತ್ತು. ಆದರೆ ಕುರ್ಚಿಗಳನ್ನು ಹಾಕಿದ ಕ್ರಮದಲ್ಲಿ ಒಂದು ತಿಳಿವಳಿಕೆ ಇದೆ.

ನಮ್ಮಲ್ಲಿ ಇದಕ್ಕೆ ಸಂವಾದಿಯಾದ ಸಂಸ್ಥೆ ಬೆಂಗಳೂರಿನಲ್ಲಿದೆ. ಮೂರೂ ಸೇನಾಪಡೆಗಳಿಗೆ ಸೇರಿದ ರಕ್ಷಣಾ ಬಾಹ್ಯಾಕಾಶ ಸಂಸ್ಥೆ 2019ರಲ್ಲಿ ಅಸ್ತಿತ್ವಕ್ಕೆ ಬಂತು. ಏರ್ ವೈಸ್ ಮಾರ್ಷಲ್ ದರ್ಜೆಯ ಅಧಿಕಾರಿ ಅದರ ಮುಖ್ಯಸ್ಥರು. ದೆಹಲಿಯಲ್ಲಿದ್ದ ಉಪಗ್ರಹ ಚಿತ್ರಗಳ ವಿಶ್ಲೇಷಣಾ ಕೇಂದ್ರ ಮತ್ತು ಭೋಪಾಲದ ರಕ್ಷಣಾ ಉಪಗ್ರಹ ನಿಯಂತ್ರಣ ಕೇಂದ್ರಗಳನ್ನು ಅದಕ್ಕೆ ಸೇರಿಸಲಾಯಿತು. ಅದೇ ವರ್ಷ ಮಾರ್ಚ್ 27ರಂದು ‘ಮಿಷನ್ ಶಕ್ತಿ’ಯಡಿ ನಮ್ಮದೇ ಉಪಗ್ರಹವೊಂದನ್ನು ಸುಮಾರು 300 ಕಿಲೊಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಹೊಡೆದುರುಳಿಸಲಾಗಿತ್ತು. ನೌಕಾಪಡೆಗೆ ಜಿಸ್ಯಾಟ್–7 2013ರಲ್ಲಿ, ವಾಯುಪಡೆಗೆ ಜಿಸ್ಯಾಟ್–7ಎ 2018ರಲ್ಲಿ ಸಿಕ್ಕಿದ್ದವು. ‘ಅಂತರಿಕ್ಷ ಅಭ್ಯಾಸ’ ಎಂಬ ಹೆಸರಿನ ಸಮರಾಭ್ಯಾಸ 2024ರ ನವೆಂಬರ್‌ನಲ್ಲಿ ನಡೆಯಿತು. ಯಂತ್ರ, ಸಂಸ್ಥೆ, ಅಭ್ಯಾಸ ಎಲ್ಲವೂ ಸಾಲಾಗಿ ಬಂದಿವೆ.

ಇಲ್ಲಿ ನಡೆಯುವ ಕೆಲಸ ಎಂಥದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಾದವೆಲ್ಲ ಇದರ ಮೇಲೆ ನಿಂತಿದೆ. ಸುಮಾರು 500 ಕಿಲೊಮೀಟರ್ ಎತ್ತರದಲ್ಲಿರುವ ಚಿತ್ರಗ್ರಾಹಿ ಉಪಗ್ರಹ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಭೂಮಿಗೆ ಒಂದು ಸುತ್ತು ಬರುತ್ತದೆ. ಒಂದು ನೆಲಕೇಂದ್ರದ ಆ್ಯಂಟೆನಾಕ್ಕೆ ಅದು ಕಾಣಸಿಗುವುದು ಸುಮಾರು ಹತ್ತು ನಿಮಿಷ. ಆ ಹತ್ತು ನಿಮಿಷಗಳಲ್ಲಿ ಸಂಕೇತ ಹಿಡಿಯಬೇಕು, ಬ್ಯಾಟರಿ, ಉಷ್ಣತೆ, ಇಂಧನದ ಒತ್ತಡಗಳ ಅಂಕಿಗಳನ್ನು ಓದಬೇಕು, ಮುಂದಿನ ಸುತ್ತಿನ ಆದೇಶಗಳನ್ನು ಮೇಲೆ ಕಳುಹಿಸಬೇಕು, ಸಂಗ್ರಹವಾದ ಚಿತ್ರಗಳನ್ನು ಕೆಳಗೆ ಇಳಿಸಿಕೊಳ್ಳಬೇಕು. ಅಂಕಿಯೊಂದು ನಿಗದಿತ ಮಿತಿ ದಾಟಿದರೆ ಗಣಕಯಂತ್ರವೇ ಎಚ್ಚರಿಸುತ್ತದೆ. ಮಿತಿಯೊಳಗೇ ಇದ್ದುಕೊಂಡು ದಿನದಿಂದ ದಿನಕ್ಕೆ ಒಂದಿಷ್ಟೇ ಜರುಗುತ್ತಿರುವ ಅಂಕಿಯನ್ನು ಗುರುತಿಸುವುದು ಅಂಥ ಸಾವಿರಾರು ಸುತ್ತುಗಳನ್ನು ಕಂಡ ಕಣ್ಣು.

ಚಿತ್ರಗಳ ವಿಶ್ಲೇಷಣೆಯಲ್ಲಂತೂ ಇದು ಇನ್ನೂ ನಿಜ. ಗಡಿಯಾಚೆಯ ಒಂದು ವಾಯುನೆಲೆಯನ್ನು ಹತ್ತು ವರ್ಷ ನೋಡಿದವನಿಗೆ ಅಲ್ಲಿನ ಮಳೆಗಾಲದ ಮಣ್ಣಿನ ಬಣ್ಣ, ಬೇಸಿಗೆಯ ನೆರಳು, ಲಾರಿಗಳು ತಿರುಗುವ ಜಾಗ ಎಲ್ಲವೂ ತನ್ನೂರಿನ ಸಂತೆಯಷ್ಟೇ ಪರಿಚಿತ. ಹೊಸದಾಗಿ ಅಗೆದ ಮಣ್ಣು ಕಂಡರೆ ಅದು ಚರಂಡಿಯೋ ಕ್ಷಿಪಣಿಯ ಅಡಗುತಾಣವೋ ಎಂದು ಆತ ಹೇಳಬಲ್ಲ. ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಸಾವಿರ ಚಿತ್ರಗಳಲ್ಲಿ ಹತ್ತನ್ನು ಆರಿಸಿ ಕೊಡುತ್ತದೆ, ನಿಜ. ಆ ಹತ್ತರಲ್ಲಿ ಯಾವುದನ್ನು ನಂಬಿ ನಸುಕಿನ ಮೂರು ಗಂಟೆಗೆ ಅಧಿಕಾರಿಯನ್ನು ಎಬ್ಬಿಸಬೇಕು ಎಂಬ ತೀರ್ಮಾನ ಇನ್ನೂ ಮನುಷ್ಯನದೇ.

ಇನ್ನು ಬಹಳ ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಅವರ ವೃತ್ತಿಯ ಸ್ವರೂಪವೇ ಅಂಥದ್ದು. ಹಾಗಾಗಿ ಕೇಂದ್ರದ ನೆನಪು ಉಳಿಯಬೇಕಾದದ್ದು ಅವರ ಕೆಳಗಿನ ಹಿರಿಯ ಸಿಬ್ಬಂದಿಯಲ್ಲಿ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಲೆಮಾರಿನವರಿಗೆ ಹರಿಹರವೆಂದರೆ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಲೇಥ್ ಯಂತ್ರದ ಹಾಸನ್ನು ಕೈಯಿಂದ ಕೆರೆದು, ಬಣ್ಣ ಹಚ್ಚಿ ಒತ್ತಿ ನೋಡಿ, ಮತ್ತೆ ಕೆರೆದು ಸಮ ಮಾಡುವ ಫಿಟ್ಟರನ ಕೈ ಒಂದೆರಡು ವರ್ಷಕ್ಕೆ ಪಳಗುವಂಥದ್ದಲ್ಲ. ಎಂಜಿನಿಯರು ನಕ್ಷೆ ಬರೆಯುತ್ತಾನೆ, ಮ್ಯಾನೇಜರು ಬದಲಾಗುತ್ತಾನೆ, ಫೋರ್‌ಮನ್ ಇರುತ್ತಾನೆ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದಾಗ ಯಂತ್ರಗಳಿಗೆ, ಜಾಗಕ್ಕೆ ಬೆಲೆ ಕಟ್ಟುವವರಿದ್ದರು. ಆ ಕೈಗಳಿಗೆ ಬೆಲೆ ಕಟ್ಟುವ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ. ಹರಿಹರದ ತುಂಬ ಈಗಲೂ ಸಣ್ಣ ವರ್ಕ್‌ಶಾಪುಗಳಿವೆ. ಆ ಕಾರ್ಖಾನೆಯ ಮಟ್ಟದ ಯಂತ್ರೋಪಕರಣ ತಯಾರಿಕೆ ಮತ್ತೆ ಊರಿಗೆ ಬರಲಿಲ್ಲ. ಸೇನೆಯ ಬಾಹ್ಯಾಕಾಶ ಕೇಂದ್ರಗಳ ಫೋರ್‌ಮನ್‌ಗಳೇ ಈ ವಾರಂಟ್ ಆಫೀಸರುಗಳು.

ಹಳೆಯ ಪದ್ಧತಿಯಲ್ಲಿ ಇಂಥವರು ತಯಾರಾಗುತ್ತಿದ್ದರು. ವಾಯುಪಡೆಗೆ ಸೇರುವ ಹುಡುಗ ಬೆಳಗಾವಿಯ ಸಾಂಬ್ರಾದಲ್ಲಿ ಪ್ರಾಥಮಿಕ ತರಬೇತಿ ಪಡೆದು, ಜಾಲಹಳ್ಳಿಯಂಥ ಕಡೆ ತಾಂತ್ರಿಕ ಶಿಕ್ಷಣ ಮುಗಿಸುತ್ತಿದ್ದ. ಆರಂಭದ ಕರಾರು 20 ವರ್ಷದ್ದು. ವಿಸ್ತರಣೆ ಸಿಕ್ಕರೆ 57ರ ವಯಸ್ಸಿನವರೆಗೂ ಸೇವೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಲೆಕ್ಕ ಬದಲಾಯಿತು. ಈಗ ನಾಲ್ಕು ವರ್ಷ. ಕೊನೆಗೆ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಕಾಯಂ ಸೇವೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ‘ಸೇವಾ ನಿಧಿ’, ಅದರ ಅಸಲಿನಲ್ಲಿ ಅರ್ಧ ಆತನ ಸಂಬಳದಿಂದಲೇ ಕಡಿತವಾದದ್ದು, ಪಿಂಚಣಿ ಇಲ್ಲ. ಯೋಜನೆಯ ಸಿಂಧುತ್ವವನ್ನು ದೆಹಲಿ ಹೈಕೋರ್ಟ್ 2023ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ತಳ್ಳಿಹಾಕಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕೆಲಸಕ್ಕೆ ತಕ್ಕುದೇ ಎಂಬ ಪ್ರಶ್ನೆ ನ್ಯಾಯಾಲಯದ್ದಲ್ಲ.

ಯೋಜನೆಯ ಪರವಾದ ಮುಖ್ಯ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೈನಿಕರ ಸರಾಸರಿ ವಯಸ್ಸನ್ನು 32ರಿಂದ 26ಕ್ಕೆ ಇಳಿಸಬೇಕು ಎಂಬುದು ಸರ್ಕಾರ ಹೇಳಿದ ಉದ್ದೇಶ. ಸಿಯಾಚಿನ್‌ನ ಹಿಮದಲ್ಲಿ, ಲಡಾಖ್‌ನ ಏರಿನಲ್ಲಿ ಇಪ್ಪತ್ತರ ಹುಡುಗನ ಪುಪ್ಪುಸ ನಲವತ್ತರವನದಕ್ಕಿಂತ ಮೇಲು, ಇದನ್ನು ಅಲ್ಲಗಳೆಯಲಾಗದು. ಪಿಂಚಣಿಯ ಹೊರೆಯೂ ಕಾಲ್ಪನಿಕವಲ್ಲ. ಆದರೆ ಉಪಗ್ರಹ ನಿಯಂತ್ರಣದ ಕೊಠಡಿಯಲ್ಲಿ ಹತ್ತಬೇಕಾದ ಬೆಟ್ಟವಿಲ್ಲ. ಅಲ್ಲಿ ವಯಸ್ಸು ದೋಷವಲ್ಲ, ಬಂಡವಾಳ. ಪದಾತಿದಳಕ್ಕಾಗಿ ಹೊಲಿಸಿದ ಅಂಗಿಯನ್ನೇ ಇವರಿಗೂ ತೊಡಿಸಲಾಗಿದೆ. ಕೈಬೆರಳಲ್ಲಿ ಲೆಕ್ಕ ಹಾಕೋಣ: ನಾಲ್ಕು ವರ್ಷದಲ್ಲಿ ತರಬೇತಿಗೆ ತಿಂಗಳುಗಳು ಕಳೆಯುತ್ತವೆ, ವರ್ಷಕ್ಕೆ 30 ದಿನ ರಜೆ, ಕೊನೆಯ ಭಾಗದಲ್ಲಿ ‘ಉಳಿಯುತ್ತೇನೋ ಹೋಗುತ್ತೇನೋ’ ಎಂಬ ತಳಮಳ. ಉಪಗ್ರಹದ ಮುಂದೆ ಆತ ನೆಮ್ಮದಿಯಿಂದ ಕೂರುವುದು ಮೂರು ವರ್ಷವಾದರೆ ಹೆಚ್ಚು. ಕಣ್ಣು ಪಳಗುವ ಹೊತ್ತಿಗೆ ನಾಲ್ವರಲ್ಲಿ ಮೂವರು ಮನೆಗೆ.

ಹಾಸನದೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿ 1982ರಿಂದ ಕೆಲಸ ಮಾಡುತ್ತಿದೆ. ಜಿಸ್ಯಾಟ್–7ಎ ಉಡಾವಣೆಯಾದ ಕೂಡಲೇ ಅದರ ನಿಯಂತ್ರಣ ಹಿಡಿದದ್ದೂ ಹಾಸನವೇ. ಐಟಿಐ ಮುಗಿಸಿದ ಹುಡುಗ ಇಸ್ರೊದಲ್ಲಿ ಟೆಕ್ನೀಷಿಯನ್ ಆಗಿ ಸೇರಿದರೆ 60ರವರೆಗೆ ಇರುತ್ತಾನೆ. ಡಿಪ್ಲೊಮಾ ಪಡೆದವನು ತಾಂತ್ರಿಕ ಸಹಾಯಕನಾಗಿ ಸೇರಿ ಹಂತಹಂತವಾಗಿ ಮೇಲೇರುತ್ತಾನೆ. ಬಾಹ್ಯಾಕಾಶದ ಕೆಲಸಕ್ಕೆ ದೀರ್ಘಾವಧಿಯ ಕೈಗಳು ಬೇಕೆಂಬುದನ್ನು ಸರ್ಕಾರದ ಒಂದು ಇಲಾಖೆ ನಾಲ್ಕು ದಶಕಗಳಿಂದ ಬಲ್ಲದು. ಅದೇ ಬಗೆಯ ಕೆಲಸವನ್ನು ಯುದ್ಧದ ಒತ್ತಡದಲ್ಲಿ ಮಾಡಬೇಕಾದ ಇನ್ನೊಂದು ಇಲಾಖೆಯಲ್ಲಿ ಹೊಸಬನಿಗೆ ನಾಲ್ಕೇ ವರ್ಷ.

ಅಧಿಕಾರಿಗಳ ವಿಷಯದಲ್ಲಿ ನಮ್ಮ ವ್ಯವಸ್ಥೆ ಹೊಸತನ್ನು ಯೋಚಿಸಿಲ್ಲ ಎನ್ನಲಾಗದು. 2022ರ ಅಕ್ಟೋಬರ್ 8ರಂದು ವಾಯುಪಡೆ ‘ವೆಪನ್ ಸಿಸ್ಟಮ್ಸ್’ ಎಂಬ ಹೊಸ ಶಾಖೆಯನ್ನು ಪ್ರಕಟಿಸಿತು. ಸ್ವಾತಂತ್ರ್ಯಾನಂತರ ಅಧಿಕಾರಿಗಳಿಗಾಗಿ ರಚನೆಯಾದ ಮೊದಲ ಹೊಸ ಕಾರ್ಯಾಚರಣಾ ಶಾಖೆ ಅದು. ಕ್ಷಿಪಣಿ, ಚಾಲಕರಹಿತ ವಿಮಾನಗಳನ್ನು ನಿರ್ವಹಿಸುವವರಿಗಾಗಿ. ಕೆಲಸ ವಿಶೇಷವಾದರೆ ಅದಕ್ಕೆ ವಿಶೇಷ ವೃತ್ತಿಮಾರ್ಗ ಬೇಕು ಎಂಬ ಈ ವಿವೇಕ ವಾರಂಟ್ ಆಫೀಸರನ ಮೆಟ್ಟಿಲಿಗೆ ಇಳಿದು ಬರಬೇಕಾಗಿದೆ. ಚರಿತ್ರೆಯೂ ಇದರ ಪರವಾಗಿದೆ. 1932ರಲ್ಲಿ ಹುಟ್ಟಿದ ವಾಯುಪಡೆಯಲ್ಲಿ ಆರಂಭದ ದಿನಗಳಲ್ಲಿ ಇದ್ದದ್ದು ಆರು ಅಧಿಕಾರಿಗಳು, 19 ‘ಹವಾಯಿ ಸಿಪಾಯಿ’ಗಳು. ಆರಂಭದ ಆ ಸಿಪಾಯಿಗಳಲ್ಲೊಬ್ಬರಾದ ಹರ್ಜಿಂದರ್ ಸಿಂಗ್, ಎಂಜಿನಿಯರಿಂಗ್ ಓದಿಯೂ ಕೆಳದರ್ಜೆಯಲ್ಲಿ ಸೇರಿ, ವಾರಂಟ್ ಆಫೀಸರನಾಗಿ, ಮುಂದೆ ಅಧಿಕಾರಿಯಾಗಿ, ಏರ್ ವೈಸ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ಕಾನ್ಪುರದಲ್ಲಿ ಆವ್ರೊ ವಿಮಾನ ತಯಾರಿಕೆಯನ್ನು ಕಟ್ಟಿ ನಿಲ್ಲಿಸಿದವರು ಅವರು. ನಟ್ಟು ಬೋಲ್ಟು ಬಿಚ್ಚಿ ಕಲಿತವನೊಬ್ಬನಿಗೆ ಸಮಯ ಸಿಕ್ಕಿದ್ದರಿಂದ ಆದದ್ದು ಇದು. ನಾಲ್ಕು ವರ್ಷಕ್ಕೆ ಕೈಗೆ ಗಂಟು ಕೊಟ್ಟು ಕಳುಹಿಸಿದ್ದರೆ?

ದಾವಣಗೆರೆಯ ಹುಡುಗರ ಮಾತಿಗೆ ಮರಳುತ್ತೇನೆ. ಹತ್ತಿ ಗಿರಣಿಗಳ ಸೈರನ್ ನಿಂತ ಈ ಊರು ಈಗ ಕಾಲೇಜುಗಳ ಊರು. ಎಂಜಿನಿಯರಿಂಗ್ ಓದಿದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಪಾಲಿಟೆಕ್ನಿಕ್, ಐಟಿಐ ಮುಗಿಸಿದ ರೈತರ, ಹಮಾಲರ, ಮಿಲ್ ಕಾರ್ಮಿಕರ ಮಕ್ಕಳಿಗೆ ಸೇನೆ ಇಂದಿಗೂ ಮರ್ಯಾದೆಯ ದಾರಿ. ಬೆಳಗಿನ ಐದಕ್ಕೆ ಮೈದಾನದಲ್ಲಿ ಓಡುವವರಲ್ಲಿ ಇವರೇ ಹೆಚ್ಚು. ಗಣಿತ, ಭೌತವಿಜ್ಞಾನದೊಂದಿಗೆ ಪಿಯುಸಿ ಅಥವಾ ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್‌ನಂಥ ವಿಷಯಗಳಲ್ಲಿ ಮೂರು ವರ್ಷದ ಡಿಪ್ಲೊಮಾ ಇದ್ದರೆ ವಾಯುಪಡೆಯ ಅಗ್ನಿವೀರ ಪರೀಕ್ಷೆಗೆ ಅರ್ಹತೆ ಇದೆ. ಭೂಸೇನೆ 2025ರಲ್ಲಿ ತನ್ನ ಅಗ್ನಿವೀರ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಿಗೆ ವಿಸ್ತರಿಸಿತು, ಸ್ವಾಗತಾರ್ಹ ಕ್ರಮ. ವಾಯುಪಡೆಯ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುತ್ತ ಬಂದಿದೆ. ಬಾಹ್ಯಾಕಾಶದ ಕೆಲಸಕ್ಕೆ ಇಂಗ್ಲಿಷ್ ಬೇಕು ಎಂಬುದು ಸರಿ. ಅದನ್ನು ಅಳೆಯಲು ಪ್ರತ್ಯೇಕ ಇಂಗ್ಲಿಷ್ ಪ್ರಶ್ನೆಗಳು ಇದ್ದೇ ಇವೆ. ಹರಪನಹಳ್ಳಿ, ಜಗಳೂರಿನ ಕಡೆಯಿಂದ ಬಂದ ಹುಡುಗನ ಭೌತವಿಜ್ಞಾನವನ್ನು ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಏಕೆ ಅಳೆಯಬೇಕು?

ತಾಯ್ತಂದೆಯರ ಲೆಕ್ಕವೂ ಬದಲಾಗಿದೆ. ‘ಇಪ್ಪತ್ತು ವರ್ಷದ ನೌಕರಿ, ಆಮೇಲೆ ಪಿಂಚಣಿ’ ಎಂದಾಗ ಸಾಲ ಮಾಡಿಯಾದರೂ ಕೋಚಿಂಗ್‌ಗೆ ಕಳುಹಿಸುತ್ತಿದ್ದವರು, ಈಗ ನಾಲ್ಕು ವರ್ಷಕ್ಕಾಗಿ ಚೆನ್ನಾಗಿ ಓದುವ ಮಗನನ್ನು ಕಳುಹಿಸಲು ಯೋಚಿಸುತ್ತಾರೆ. ಡಿಪ್ಲೊಮಾದಲ್ಲಿ ಮೊದಲ ದರ್ಜೆ ಪಡೆದವನಿಗೆ ಕಂಪನಿಗಳ ಬಾಗಿಲು ತೆರೆದಿದೆ. ಕಾಯಂ ಆಗುವ ನಾಲ್ವರಲ್ಲೊಬ್ಬ ತಾನೇ ಎಂದು ಪಣ ಕಟ್ಟಲು ಆತ ಮುಂದಾಗುವುದು ಅನುಮಾನ. ಹೀಗಾಗಿ ಬಾಹ್ಯಾಕಾಶದಂಥ ಕೆಲಸಕ್ಕೆ ಅತ್ಯುತ್ತಮರು ಬೇಕಾದಾಗಲೇ ಅವರು ಬರದಿರುವ ಸಾಧ್ಯತೆ ಹೆಚ್ಚುತ್ತದೆ.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಮೂರೂ ಪಡೆಗಳಲ್ಲಿ ಉಪಗ್ರಹ ನಿರ್ವಹಣೆ ಹಾಗೂ ಚಿತ್ರ ವಿಶ್ಲೇಷಣೆಗೆ ಅಧಿಕಾರಿಯೇತರರ ಪ್ರತ್ಯೇಕ ವೃತ್ತಿ ವಿಭಾಗವೊಂದನ್ನು ರೂಪಿಸಿ, ಅದಕ್ಕೆ ಸೇರಿದವರನ್ನು ಅವಧಿ ಮುಗಿಯಿತೆಂದು ಮಾತೃಪಡೆಯ ಬೇರೆ ಕೆಲಸಕ್ಕೆ ಅಟ್ಟದೆ ಉಳಿಸಿಕೊಳ್ಳುವುದು ಮೊದಲ ಹೆಜ್ಜೆ. ಶೇ 25 ಎಂಬ ಮಿತಿಯನ್ನು ಇಡೀ ಸೇನೆಗೆ ಒಂದೇ ಅಳತೆಯಲ್ಲಿ ಹಚ್ಚುವ ಬದಲು ಈ ವಿಭಾಗಕ್ಕೆ ಬಹಳಷ್ಟು ಸಡಿಲಿಸಬೇಕು. ತಾಂತ್ರಿಕ ವಿಭಾಗಗಳಲ್ಲಿ ಹೆಚ್ಚು ಜನರನ್ನು ಉಳಿಸಿಕೊಳ್ಳಬೇಕೆಂಬ ಮಾತು ನಿವೃತ್ತ ಸೇನಾಧಿಕಾರಿಗಳಿಂದಲೇ ಕೇಳಿಬಂದಿದೆ. ಸಂಖ್ಯೆ ಸಣ್ಣದಾದ್ದರಿಂದ ಪಿಂಚಣಿಯ ಹೊರೆಯೂ ಸಣ್ಣದೇ. ಬೆಂಗಳೂರಿನ ಸಂಸ್ಥೆಯ ಮುಖ್ಯಸ್ಥರ ಪಕ್ಕದಲ್ಲಿ ಒಬ್ಬ ಮಾಸ್ಟರ್ ವಾರಂಟ್ ಆಫೀಸರನಿಗೋ ಸುಬೇದಾರ್ ಮೇಜರನಿಗೋ ಕುರ್ಚಿ ಹಾಕುವುದಕ್ಕಂತೂ ಹಣವೇ ಬೇಡ. ಬೆಟಾಲಿಯನ್ನಿನ ಕಮಾಂಡರ್ ತನ್ನ ಸುಬೇದಾರ್ ಮೇಜರನ ಮಾತು ಕೇಳದೆ ಜವಾನರ ವಿಷಯದಲ್ಲಿ ಹೆಜ್ಜೆ ಇಡದ ಸಂಪ್ರದಾಯ ನಮ್ಮದೇ. ಅಮೆರಿಕದ ಬಾಹ್ಯಾಕಾಶ ಪಡೆಗಿಂತ ಬಹಳ ಹಳೆಯದು.

2022ರ ಡಿಸೆಂಬರ್ ಕೊನೆಯಲ್ಲಿ ಸಾಂಬ್ರಾದಲ್ಲಿ ತರಬೇತಿಗೆ ಸೇರಿದ ವಾಯುಪಡೆಯ ಅಗ್ನಿವೀರರ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಅವರಲ್ಲಿ ಎಷ್ಟು ಮಂದಿ ಉಪಗ್ರಹ ಮತ್ತು ಸಂಪರ್ಕ ಕೇಂದ್ರಗಳಲ್ಲಿ ಪಳಗಿದ್ದಾರೆ, ಅವರಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಳ್ಳಲಾಗುತ್ತದೆ ಎಂದು ರಕ್ಷಣಾ ಸಚಿವಾಲಯವನ್ನು ಲೋಕಸಭೆಯಲ್ಲಿ ಕೇಳಲು ಒಂದು ಲಿಖಿತ ಪ್ರಶ್ನೆ ಸಾಕು. ದಾವಣಗೆರೆ, ಚಿತ್ರದುರ್ಗದ ಸಂಸದರು ಪಕ್ಷಭೇದ ಮರೆತು ಅದನ್ನು ಕೇಳಬಹುದು.